ಸೀಮೆಸುಣ್ಣದ ಗುರುತು ಬಿದ್ದ ರಿವೆಟ್

ಸುತ್ತಿಗೆಯೊಂದು ಮಂಚದ ಕಾಲಿಗೆ ತಗುಲಿದ ಸಣ್ಣ ಸದ್ದಿಗೆ ನನಗೆ ಎಚ್ಚರವಾಯಿತು. ನಡುರಾತ್ರಿ. ಅಪ್ಪ ಕತ್ತಲಲ್ಲೇ ಬೂಟು ಹಾಕಿಕೊಳ್ಳುತ್ತಿದ್ದ.

"ಎಲ್ಲಿಗಪ್ಪಾ?"

"ಮಲಕ್ಕೋ ಎಫಿ. ಬೆಳಿಗ್ಗೆ ಪಾಠ ಮಾಡೋಕೆ ಹೋಗ್ಬೇಕಲ್ಲ ನೀನು?"

ಎಲ್ಲಿಗೆಂದು ನನಗೆ ಗೊತ್ತಿತ್ತು. ಕ್ಲೈಡ್ ನದಿಯ ದಡದಲ್ಲಿ ನಮ್ಮವರು ಕಟ್ಟುತ್ತಿದ್ದ ಆ ಮಹಾ ಪ್ರಯಾಣಿಕರ ಹಡಗು ಅರ್ಧಕ್ಕೇ ನಿಂತು ವರ್ಷ ದಾಟಿತ್ತು. ಊರಿಗೆ ಊರೇ ಕೆಲಸವಿಲ್ಲದೆ ಕೂತಿತ್ತು. ಕೆಲಸ ನಿಂತ ದಿನ ಪರೀಕ್ಷೆಯವನು ಉಕ್ಕಿನ ತಗಡುಗಳನ್ನು ಬೆಸೆಯಲು ಅಪ್ಪ ಬಡಿದಿದ್ದ ಒಂದು ರಿವೆಟ್ ಮೊಳೆಯನ್ನು ತಟ್ಟಿ ನೋಡಿ, ಸಡಿಲವೆಂದು ಸೀಮೆಸುಣ್ಣದಲ್ಲಿ ಸುತ್ತು ಹಾಕಿದ್ದ. ಅಂಥದ್ದನ್ನು ಬಡಿದವರೇ ಕಿತ್ತು, ಕೂಲಿಯಿಲ್ಲದೆ ಮತ್ತೆ ಬಡಿಯಬೇಕು. ಅಷ್ಟರಲ್ಲಿ ಹಡಗು ಕಟ್ಟುವ ಅಂಗಳದ ಗೇಟು ಮುಚ್ಚಿತು. ಈಗ ಹಡಗನ್ನು ಗುಜರಿಗೆ ಹಾಕುತ್ತಾರೆಂಬ ಸುದ್ದಿ.

"ಹಾಕ್ಲಿ," ಎಂದಿದ್ದ ಅಪ್ಪ. "ನನ್ನ ಸೋಲು ಹೊತ್ಕೊಂಡು ಮಾತ್ರ ಹೋಗೋ ಹಾಗಿಲ್ಲ ಅದು."

ಒಳಗೆ ಸಿಕ್ಕಿಬಿದ್ದವರಿಗೆ ಮುಂದೆಂದೂ ಕೆಲಸವಿಲ್ಲವೆಂದು ಗೇಟಿನಲ್ಲಿ ಬರೆದಿದ್ದರು. ತಡೆಯಲೆಂದೇ ಅಪ್ಪನ ಹಿಂದೆ ಓಡಿದೆ.

ಬೇಲಿಯ ಆಚೆ ಲಾಟೀನು ಹಿಡಿದು ನಿಂತಿದ್ದವನು ಹೆಕ್ಟರ್. ಅಪ್ಪ ಎಡಗೈಯಲ್ಲಿ, ಅವನು ಬಲಗೈಯಲ್ಲಿ, ಎದುರುಬದುರು ನಿಂತು ಬಡಿದ ಜೋಡಿ ಅದು. ಅವನಿಗೆ ಕಾವಲಿನ ಕೆಲಸ ಸಿಕ್ಕಿದಂದಿನಿಂದ ಇಬ್ಬರಿಗೂ ಮಾತಿಲ್ಲ.

"ಒಬ್ನೇ ಬಡೀತೀಯೇನೋ ಲಾಕಿ?" ಎಂದು ಅವನು ಅಪ್ಪನನ್ನು ಕೇಳಿದ.

"ಬಲಗೈಯವನು ದೊಡ್ಡ ಮನುಷ್ಯ ಆಗ್ಬಿಟ್ಟಿದ್ದಾನಲ್ಲ!"

"ಬೈತಾ ನಿಂತ್ರೆ ಬೆಳಗಾಗುತ್ತೆ. ಅದು ನಂದೂ ರಿವೆಟ್ಟೇ ಕಣೋ. ಒಳಗಿಂದ ಒತ್ತಿ ಹಿಡಿಯೋರು ಯಾರು?"

ಇಬ್ಬರೂ ನನ್ನನ್ನು ನೋಡಿದರು.

"ಕಟ್ತಿರೋ ಹಡಗಿಗೆ ಹೆಂಗಸು ಕಾಲಿಟ್ರೆ..." ಎಂದ ಅಪ್ಪ.

"ಮುಳುಗುತ್ತಾ? ಇನ್ನೂ ನೆಲದ ಮೇಲೇ ಇದೆಯಲ್ಲಪ್ಪಾ."

ಹೆಕ್ಟರ್ ಬಾಯಿ ಮುಚ್ಚಿಕೊಂಡು ನಕ್ಕ.

ತಡೆಯಲು ಬಂದ ನಾನೇ ಹಡಗಿನೊಳಗೆ ಹತ್ತಿದೆ. ಅವರು ಹಳೆಯದನ್ನು ಕಿತ್ತರು. ಹೊಸ ರಿವೆಟ್ಟನ್ನು ಹೆಕ್ಟರ್‌ನ ಚಳಿ ಕಾಯಿಸುವ ಕೆಂಡದಲ್ಲೇ ಕಾಯಿಸಿ, ಇಕ್ಕಳದಲ್ಲಿ ಎತ್ತಿ ತೂತಿಗೆ ತೂರಿಸಿದೆ. ಭಾರದ ಸುತ್ತಿಗೆಯನ್ನು ಅದರ ತಲೆಗೆ ಆನಿಸಿ, ಮೈಯೆಲ್ಲ ಒತ್ತಿ ನಿಂತೆ. ಹೊರಗಿನಿಂದ ಏಟು ಬೀಳತೊಡಗಿತು. ಎಡ, ಬಲ, ಎಡ, ಬಲ. ಹಲ್ಲುಗಳು ಕಟಕಟ ಎಂದವು. ಟೊಳ್ಳು ಹಡಗು ಇಗರ್ಜಿಯ ಗಂಟೆಯಂತೆ ಮೊಳಗಿತು. ತಗಡು ಹೊದಿಸದ ಸಂದಿಯಲ್ಲಿ ಕಂಡ ಊರಿನ ಕಿಟಕಿಗಳಲ್ಲಿ ಒಂದೊಂದಾಗಿ ದೀಪಗಳು ಹತ್ತಿದವು.

"ಸಾಕಪ್ಪಾ, ಎಲ್ಲರಿಗೂ ಕೇಳಿಸುತ್ತೆ!"

"ಕೇಳಿಸ್ಲಿ!"

ಸದ್ದು ಕೇಳಿ ಕೆಲಸ ಶುರುವಾಯಿತೆಂದುಕೊಂಡು ಬೆಳಿಗ್ಗೆ ಗಂಡಸರು ಬುತ್ತಿ ಹಿಡಿದು ಗೇಟಿನ ಮುಂದೆ ನೆರೆದಿದ್ದರು. ಗೇಟು ತೆರೆಯಲಿಲ್ಲ. ಆದರೂ ಮಧ್ಯಾಹ್ನದವರೆಗೆ ಯಾರೂ ಕದಲಲಿಲ್ಲ. ಕತ್ತಲಲ್ಲಿ ಯಾರೂ ಕಾಣಲಿಲ್ಲವೆಂದು ಹೆಕ್ಟರ್ ಹೇಳಿದ್ದರಿಂದ ಆಫೀಸಿನವನೊಬ್ಬ ಮನೆಮನೆಗೆ ಬಂದು ರಾತ್ರಿ ಬಡಿದವರು ಯಾರೆಂದು ವಿಚಾರಿಸಿದ.

"ನನಗೆ ಕಿವಿ ಕೇಳಿಸಲ್ಲಪ್ಪ," ಎಂದಳು ಮಹಡಿಯ ಮನೆಯ ಐನಾ.

"ಮೂರು ಬೀದಿ ಆಚೆ ಜಗಳ ಆದ್ರೆ ಕೇಳಿಸುತ್ತಲ್ಲಮ್ಮ ನಿಮಗೆ!"

"ಜಗಳ ಬೇರೆ, ಕೆಲಸ ಬೇರೆ."

ಅವನು ನನ್ನತ್ತ ತಿರುಗಿದ. "ಟೀಚರಮ್ಮ, ನೀವು ಸುಳ್ಳು ಹೇಳೋರಲ್ಲ."

ಸುತ್ತಿಗೆ ಒತ್ತಿ ಬೊಬ್ಬೆಯೆದ್ದ ಕೈಗಳನ್ನು ಹಿಂದೆ ಕಟ್ಟಿಕೊಂಡೆ.

"ಕೇಳಿಸ್ತು. ಊರಿಗೆಲ್ಲ ಕೇಳಿಸ್ತು. ಏನ್ಮಾಡ್ತೀರಿ? ಊರನ್ನೇ ಕೆಲಸದಿಂದ ತೆಗೀತೀರಾ? ತೆಗೆದಾಗಿದೆಯಲ್ಲ!"

ಅವನು ಮೆಟ್ಟಿಲಿಳಿದ. ಐನಾ ತಕ್ಷಣ ನನ್ನ ರಟ್ಟೆ ಹಿಡಿದಳು. "ನನಗಾದ್ರೂ ಹೇಳೇ, ಯಾರು?"

ಅವಳಿಗೆ ಹೇಳಿದರೆ ಪ್ರೀತಿಯಿಂದಲೇ ಬೀದಿಗೆಲ್ಲ ಹಂಚುತ್ತಾಳೆ. ಹೆಕ್ಟರ್‌ನ ಅನ್ನ ಹೋಗುತ್ತದೆ. ಹಡಗಿನ ಕೆಲಸ ಮತ್ತೆ ಶುರುವಾದ ದಿನ ಅಪ್ಪ ಗೇಟಿನ ಹೊರಗೇ ಉಳಿಯುತ್ತಾನೆ. ಅವರಿಬ್ಬರೂ ಬದುಕಿರುವಷ್ಟು ಕಾಲ ಯಾರಿಗೂ ಹೇಳಬಾರದೆಂದು ಅಲ್ಲೇ, ಬಾಗಿಲಲ್ಲೇ, ನಿರ್ಧರಿಸಿದೆ.