ಒಳಗಾಜಿನ ಹಬೆ

ಒರೆಸಿದರೆ ಹೋಗುವ ಮಬ್ಬಾಗಿರಲಿಲ್ಲ ಅದು. ಅವಳು ಮೆತ್ತನೆಯ ಬಟ್ಟೆಯಿಂದ ದುರ್ಬೀನಿನ ಗಾಜನ್ನು ಮತ್ತೊಮ್ಮೆ ಒರೆಸಿ ಕಣ್ಣಿಗಿಟ್ಟಳು. ಬಂದರಿನ ಬಾಯಿ, ಕಡಲು, ಆಕಾಶ ಎಲ್ಲ ಒಂದೇ ಹಾಲುಬಣ್ಣ.

"ರಾತ್ರಿ ಎಲ್ಲಿಟ್ಟಿದ್ದೆ?" ಸೋದರಮಾವ ಪಿಸುಗುಟ್ಟಿದ. ಈ ಕಾವಲುಗೋಪುರದಲ್ಲೇ ತಲೆ ನರೆಸಿಕೊಂಡವನು. ಇನ್ನು ಮೆಟ್ಟಿಲು ಹತ್ತಲಾರೆನೆಂದು ಅಕ್ಕನ ಮಗಳಿಗೆ ಕೆಲಸ ಕಲಿಸಿದ್ದ.

"ಜಗಲಿ ಪೆಟ್ಟಿಗೇಲೇ ಇಟ್ಟಿದ್ದೆ ಮಾವ. ಬೆಳಿಗ್ಗೆ ತಣ್ಣಗಿದ್ರೆ ನನ್ನ ಕೈ ಕೊರೆಯತ್ತೆ ಅಂತ ಅಮ್ಮ ಒಳಗೆ ತಂದು ಕಂಬಳಿ ಸುತ್ತಿ ಒಲೆ ಪಕ್ಕ ಇಟ್ಬಿಟ್ಟಿದಾಳೆ."

"ಸರಿಹೋಯ್ತು. ಅಕ್ಕ ದುರ್ಬೀನಿಗೂ ಬಾಣಂತನ ಮಾಡಿದಾಳೆ. ತಣ್ಣಗಿರೋದು ತಣ್ಣಗೇ ಇರ್ಲಿ ಅಂತ ನೂರ್ಸಲ ಬಡ್ಕೊಂಡಿದೀನಿ. ಅಡುಗೆಮನೆ ಹಬೆಯೆಲ್ಲ ಕುಡ್ಕೊಂಡು ಬಂದಿದೆ, ಈಗ ಚಳಿಗೆ ಒಳಗಾಜಿಗೆ ಕೂತಿದೆ."

ಹಿಂದೆ ನಿಂತಿದ್ದ ಬಂದರಿನ ಅಧಿಕಾರಿ ಕೆಮ್ಮಿದರು. ಒಳಬರುವ ಮೊದಲ ದೋಣಿಯ ನಂಬರನ್ನು ದೂರದಿಂದಲೇ ಓದಿ ಹೇಳಿದರೆ ಮಾವನ ಕೆಲಸ ಅವಳಿಗೆ. ಇಲ್ಲದಿದ್ದರೆ ಬೇರೆಯವರು ಕಾದಿದ್ದರು.

"ಹೇಳಮ್ಮ, ನಂಬರೆಷ್ಟು?"

ಮಬ್ಬಿನಲ್ಲಿ ಕಪ್ಪು ಚುಕ್ಕೆಯೊಂದು ಅಲುಗಾಡಿತು. ಈ ಹೊತ್ತಿಗೆ ಮೊದಲು ಬರುವುದು ಗೊರಕೆಯಣ್ಣನ ದೋಣಿ. ಎಂಜಿನ್ನು ಗೊರಕೆ ಹೊಡೆಯುತ್ತದೆಂದು ಆ ಹೆಸರು. ಅದರ ನಂಬರು ಅವಳಿಗೆ ಬಾಯಿಪಾಠ. ಹೇಳಿಬಿಡು ಎಂದು ಮಾವ ಕಣ್ಸನ್ನೆ ಮಾಡಿದ. ನಾಲ್ಕು ಜನರೆದುರು ಬಾಯಿ ಬಿಡಬೇಕೆಂದರೆ ಮೈ ಹಿಡಿಯಾಗುವ ಹುಡುಗಿ. ನಂಬರು ನಾಲಿಗೆಯ ತುದಿಗೆ ಬಂದು ನಿಂತಿತು.

"ಕಾಣ್ತಿಲ್ಲ ಸರ್."

"ಏನಂದೆ?"

"ದೋಣಿ ಬರ್ತಿದೆ. ನಂಬರ್ ಕಾಣ್ತಿಲ್ಲ. ಒಳಗೆ ಹಬೆ ಕೂತಿದೆ."

ಮಾವ ಗೋಡೆಯ ಕಡೆ ತಿರುಗಿಕೊಂಡ. ಅಧಿಕಾರಿ ದುರ್ಬೀನು ಇಸಿದುಕೊಂಡು ನೋಡಿದರು. ತಿರುಪು ತಿರುಗಿಸಿ ಮತ್ತೆ ನೋಡಿದರು. ಅಷ್ಟರಲ್ಲಿ ದೋಣಿ ಬರಿಗಣ್ಣಿಗೇ ಕಾಣುವಷ್ಟು ಹತ್ತಿರ ಬಂತು. ಗೊರಕೆಯಣ್ಣನದೇ.

"ಯಾವ ದೋಣಿ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಸರ್."

ಅವರು ದುರ್ಬೀನನ್ನು ಅವಳ ಕೈಗೆ ಕೊಟ್ಟು ಮಫ್ಲರ್ ಬಿಗಿದುಕೊಂಡರು.

"ಇದನ್ನ ಒಣಗಿಸಮ್ಮ. ನಾಳೆಯಿಂದ ಪಾಳಿ ನಿಂದು, ರಾತ್ರಿ ಹೊರಗೇ ಇಡು."

ಮೆಟ್ಟಿಲ ಮೇಲೆ ಬೂಟಿನ ಸದ್ದು ಇಳಿಯುತ್ತ ಹೋಯಿತು. ಮಾವ ಕಿಟಕಿಯ ಬಳಿಯ ತನ್ನ ಸ್ಟೂಲನ್ನು ಕಾಲಿನಿಂದ ಅವಳತ್ತ ತಳ್ಳಿ, ಗೋಡೆಗೆ ಒರಗಿ ನಿಂತ. ಅವಳು ಕೂರಲಿಲ್ಲ. ಬಂದರಿನ ಬಾಯಲ್ಲಿ ಎರಡನೆಯ ದೋಣಿ ಕಾಣಿಸಿಕೊಂಡಿತ್ತು. ಕಣ್ಣು ಕಿರಿದು ಮಾಡಿ ಅದು ಹತ್ತಿರ ಬರುವುದನ್ನೇ ಕಾದಳು.