ಎರಡು ಮನೆಯ ಎರಡು ಶುಕ್ರ ಹೋರೆ

ನಮ್ಮದು ಮಂಕಿ ಊರಿನ ಮೀನುಗಾರರ ಮನೆ. ಆದರೆ ಅಪ್ಪ ಈರಪ್ಪನಿಗೆ ದೋಣಿ ಹತ್ತಿದರೆ ಹೊಟ್ಟೆ ತೊಳೆಸುತ್ತಿತ್ತು. ದಡದಲ್ಲೇ ಕುಳಿತು ಬಲೆ ನೇಯುವವನಿಗೆ ಹೊತ್ತು ಹೋಗಬೇಕಲ್ಲ, ಹೋರೆಯ ಹುಚ್ಚು ಹಿಡಿಯಿತು. ದಿನದ ಒಂದೊಂದು ಗಂಟೆಗೂ ಒಬ್ಬೊಬ್ಬ ಗ್ರಹ ಯಜಮಾನ, ಸೂರ್ಯ ಹುಟ್ಟಿದಲ್ಲಿಂದ ಲೆಕ್ಕ. ಬುಧನಲ್ಲಿ ಬಲೆಗೆ ಗಂಟು, ಗುರುವಿನಲ್ಲಿ ಊಟ, ಶನಿಯಲ್ಲಿ ಸುಮ್ಮನೆ ಕೂರುವುದು. ಅಮ್ಮ ಸಾರಿಗೆ ಉಪ್ಪು ಹಾಕಲೂ ಚಂದ್ರನ ಅಪ್ಪಣೆ ಬೇಕಿತ್ತು. ಮನೆಯಲ್ಲಿ ಎಲ್ಲರಿಗಿಂತ ಚುರುಕಾಗಿ ಹೋರೆ ಎಣಿಸುತ್ತಿದ್ದವಳು ನಾನೇ. ಹಸಿದವಳಿಗೆ ಯಾವ ವಿದ್ಯೆಯೂ ಬರುತ್ತದೆ.

ಅರವತ್ತಮೂರನೇ ಇಸವಿಯ ಒಂದು ಶುಕ್ರವಾರ ನನ್ನನ್ನು ನೋಡಲು ಬರುವವರಿದ್ದರು. ಹುಡುಗ ಹಿರೇಗುತ್ತಿಯ ದೇವು. ಕುಮಟಾ ಪೇಟೆಯಲ್ಲಿ ಒಮ್ಮೆ ನನ್ನ ಮೀನು ಬುಟ್ಟಿ ಎತ್ತಿ ತಲೆಗಿಟ್ಟು ಕೊಟ್ಟವನು. ಅವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಅಪ್ಪ ಮಾತ್ರ ಕಡ್ಡಿ ಮುರಿದ ಹಾಗೆ ಹೇಳಿದ್ದ: ಮಧ್ಯಾಹ್ನದ ಶುಕ್ರ ಹೋರೆಯಲ್ಲಿ ಮಾತು ಮುಗಿಯಬೇಕು, ತಪ್ಪಿದರೆ ಈ ಸಂಬಂಧವೇ ಬೇಡ. ಹುಡುಗನ ಅಪ್ಪನ ಹೆಸರು ಶನಿಯಾರ ಎಂಬುದೇ ನಮ್ಮ ಅಪ್ಪನಿಗೆ ಮೊದಲ ಮುಳ್ಳು.

ಗಾಳಿ ಕೈಕೊಟ್ಟು ಆ ಅಪ್ಪ ಮಗನ ದೋಣಿ ದಡ ಸೇರುವಾಗ ಎರಡೂ ಇಪ್ಪತ್ತು. ಶನಿಯಾರ ಚಾಪೆಯ ಮೇಲೆ ಕೂರುವ ಮೊದಲೇ ಅವಸರ ಮಾಡಿದ. ಶುಕ್ರ ಹೋರೆ ಇನ್ನು ಹತ್ತೇ ನಿಮಿಷವಂತೆ. ಅಯ್ಯೋ, ಇವನೂ ನಮ್ಮ ಅಪ್ಪನ ಜಾತಿಯ ಹುಚ್ಚನೇ! ಅಪ್ಪ ನಕ್ಕು, ಮೂರರವರೆಗೂ ಶುಕ್ರನೇ, ಮೊದಲು ಎಳನೀರು ಕುಡಿಯಿರಿ ಎಂದ. ಶನಿಯಾರ ಎಳನೀರು ಕೆಳಗಿಟ್ಟ.

“ಇವತ್ತು ಕಡಲಲ್ಲಿ ನಾ ಕಣ್ಣಾರೆ ಕಂಡಿದ್ದೆ, ಸೂರ್ಯ ಆರೂವರೆಗೇ ಹುಟ್ದ. ನಿಮ್ಮ ಸೂರ್ಯ ಗುಡ್ಡದ ಹಿಂದೆ ಅರ್ಧ ಗಂಟೆ ಮಲ್ಕಂಡಿರ್ತ.”

ಅಪ್ಪನಿಗೆ ಸೂರ್ಯನೆಂದರೆ ನಮ್ಮ ಮನೆ ಹಿಂದಿನ ಗುಡ್ಡದ ಮೇಲೆ ಏಳಕ್ಕೆ ಇಣುಕುವವನು. ಬೇರೆ ಸೂರ್ಯನನ್ನು ಅವನು ಕಂಡದ್ದೇ ಇಲ್ಲ. ಶುರುವಾಯಿತು ನೋಡಿ. ಆ ಹತ್ತು ನಿಮಿಷ ಇಬ್ಬರ ಲೆಕ್ಕದಲ್ಲೂ ಶುಕ್ರನೇ ಇದ್ದ, ಒಂದು ವೀಳ್ಯ ಕೊಟ್ಟಿದ್ದರೆ ಮುಗಿಯುತ್ತಿತ್ತು. ಬಾಗಿಲ ಮರೆಯಿಂದ ಬಳೆ ಸದ್ದು ಮಾಡಿದೆ, ಕೆಮ್ಮಿದೆ. ಯಾರು ಕೇಳುತ್ತಾರೆ! ಶನಿಯಾರನ ಶುಕ್ರ ಹೋದ. ಮೂರಕ್ಕೆ ಅಪ್ಪನ ಶುಕ್ರನೂ ಹೋದ. ನನಗೆ ಅಳು ಬಂತು.

ಅವರಿಗೆ ಅದರ ಪರಿವೆಯೇ ಇಲ್ಲ. ಅಂಗಳದ ಮರಳಿನಲ್ಲಿ ಒಬ್ಬ ಗುಡ್ಡ ಬರೆದ, ಇನ್ನೊಬ್ಬ ಕಡಲು ಬರೆದ, ತೆಂಗಿನ ಗರಟೆ ಸೂರ್ಯನಾಯಿತು. ಜಗಳ ಯಾವಾಗಲೋ ಹೋಗಿ, ಒಬ್ಬರ ತೊಡೆಗೆ ಒಬ್ಬರು ಹೊಡೆದುಕೊಂಡು ನಗತೊಡಗಿದರು. ಇಡೀ ಜನ್ಮದಲ್ಲಿ ಅಪ್ಪನ ಹೋರೆಯ ಮಾತನ್ನು ಇಷ್ಟು ಹೊತ್ತು ಕೇಳಿದವರು ಯಾರಿದ್ದರು? ಅಮ್ಮ ಎರಡನೇ ಸಲ ಚಾ ತಂದಾಗ ಶನಿಯಾರ, ರಾತ್ರಿ ಇಲ್ಲೇ ಉಳಿಯುತ್ತೇನೆ, ಬೆಳಿಗ್ಗೆ ನನ್ನ ದೋಣಿಯಲ್ಲಿ ಬಂದು ನೀನೇ ನೋಡು ಎಂದ.

ದೋಣಿ ಎಂದರೆ ಹೊಟ್ಟೆ ಹಿಡಿದುಕೊಳ್ಳುವ ಅಪ್ಪ ಎದೆ ಉಬ್ಬಿಸಿದ.

“ಬತ್ತೆ. ಹೆಣ್ಣ್ ಕೊಡೂ ಮನೆ ದೋಣಿ ಹತ್ತೂಕೆ ನಂಗೆ ಎಂತ ಹೆದ್ರಿಕೆ?”

“ಆತು. ಹಾಂಗಾರೆ ಹೆಣ್ಣ್ ನಮ್ದೇ,” ಎಂದು ಶನಿಯಾರ ತಟ್ಟೆಯಿಂದ ವೀಳ್ಯ ಎತ್ತಿಕೊಂಡೇಬಿಟ್ಟ.

ಗಡಿಯಾರದಲ್ಲಿ ಐದೂ ಹತ್ತು. ನನ್ನ ಬೆರಳು ತಾನಾಗಿಯೇ ಎಣಿಸಿತು: ಶುಕ್ರ, ಬುಧ, ಚಂದ್ರ, ಶನಿ. ಕಡಲ ಲೆಕ್ಕದಲ್ಲಿ ಶನಿ, ಗುಡ್ಡದ ಲೆಕ್ಕದಲ್ಲೂ ಶನಿ. ತಲೆ ಎತ್ತಿದರೆ ಎದುರಿಗೆ ದೇವು. ಅವನ ಹೆಬ್ಬೆರಳೂ ನಾಲ್ಕನೇ ಬೆರಳಿನ ಮೇಲೆ ನಿಂತಿತ್ತು. ಅವನಿಗೂ ಗೊತ್ತಾಗಿದೆ. ಈಗ ಬಾಯಿ ಬಿಟ್ಟರೆ ನನ್ನ ಬದುಕು ಹೋಯಿತು.

ದೇವು ಮೆಲ್ಲಗೆ ಮುಷ್ಟಿ ಮುಚ್ಚಿ, ಚಾ ಬಹಳ ಚಲೋ ಆಗಿದೆ ಎಂದು ಅಮ್ಮನಿಗೆ ಹೇಳಿದ.