ಬರ್ತಾಬಾಯಿಯ ಎಲೆಗೊಬ್ಬರ

"ಅರ್ಧ ಮಣ್ಣು, ಅರ್ಧ ಗೊಬ್ಬರ. ಜಾಸ್ತಿ ಹಾಕಿದ್ರೆ ಸಸಿ ಸುಟ್ಟು ಹೋಗ್ತದೆ, ಸರಸಕ್ಕ," ಎಂದು ಬರ್ತಾ ಎರಡೆರಡು ಸಲ ಹೇಳಿಯೇ ಗೊಬ್ಬರದ ಚೀಲಗಳನ್ನು ಇಳಿಸಿ ಹೋಗಿದ್ದಳು.

ಹೇಳಿದ್ದು ಸರಸಳ ಕಿವಿಗೆ ಬಿತ್ತು, ಮನಸ್ಸಿಗೆ ಇಳಿಯಲಿಲ್ಲ. ಕಾಪುವಿನ ಹೆದ್ದಾರಿ ಬದಿಯಲ್ಲಿ ಅವಳು ನರ್ಸರಿ ಇಟ್ಟು ಹದಿನೆಂಟು ವರ್ಷ. ಎದುರು ಬದಿಯಲ್ಲಿ ಬರ್ತಾ ನರ್ಸರಿ ತೆರೆದದ್ದು ಮೊನ್ನೆ ಮೊನ್ನೆ. ಮಣಿಪಾಲದ ಮನೆಗಳವರು ಕತ್ತರಿಸಿ ಎಸೆದ ಹುಲ್ಲು, ಎಲೆ, ಕಡ್ಡಿಗಳನ್ನು ಟೆಂಪೋದಲ್ಲಿ ತಂದು ಅವಳು ರಾಶಿ ಹಾಕಿದಾಗ ಸರಸ ಬಾಯ್ತುಂಬ ನಕ್ಕಿದ್ದಳು. ಆ ಕಸವೇ ಕರಿ ಗೊಬ್ಬರವಾಗಿ, ಅದರಲ್ಲಿ ಜೀನಿಯಾ ಹೂವು ಅಂಗೈಯಗಲ ಅರಳಿದ ಮೇಲೆ ನಗು ಹೊಟ್ಟೆಕಿಚ್ಚಾಯಿತು. ಒಬ್ಬ ಗಿರಾಕಿ ರಸ್ತೆ ದಾಟಿ ಆಚೆ ಹೋದರೆ ಸಾಕು, ಅವತ್ತು ಸರಸಳಿಗೆ ಊಟ ಸೇರುತ್ತಿರಲಿಲ್ಲ.

ಮಣಿಪಾಲದ ಹೋಟೆಲೊಂದಕ್ಕೆ ಪ್ರತಿವರ್ಷ ಮುನ್ನೂರು ಹೂಚಟ್ಟಿ ಜೀನಿಯಾ ಹೋಗುವುದು ಅವಳ ನರ್ಸರಿಯಿಂದಲೇ. ಈ ಸಲ ಮ್ಯಾನೇಜರ್ ಉಜ್ವಲ್ "ಎರಡೂ ಕಡೆ ನೋಡಿ ಹೇಳ್ತೇನೆ" ಅಂದುಬಿಟ್ಟಿದ್ದ. ನಾಚಿಕೆ ಬಿಟ್ಟು ಬರ್ತಾಳ ಹತ್ತಿರ ಗೊಬ್ಬರ ಕೇಳಿದ್ದು ಅದಕ್ಕೇ.

'ಅರ್ಧವಂತೆ! ತನ್ನ ಹೂವಿಗಿಂತ ನನ್ನದು ಸಣ್ಣದಾಗಲಿ ಅಂತ!' ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿಯೇ. ಒಂದು ಹಿಡಿ ಮಣ್ಣೂ ಬೆರೆಸದೆ, ಸರಸ ಚಟ್ಟಿ ತುಂಬ ಗೊಬ್ಬರವನ್ನೇ ತುಂಬಿ ಸಸಿ ನೆಟ್ಟಳು.

ವಾರದೊಳಗೆ ಎಲೆಗಳ ಅಂಚು ಕಂದಿತು. ಮತ್ತೆರಡು ವಾರಕ್ಕೆ ಉಜ್ವಲ್ ಬಂದಾಗ ಮುಕ್ಕಾಲು ಪಾಲು ಸಸಿಗಳು ಒಣಗಿ ನಿಂತಿದ್ದವು. ಅವನ ಕಾರು ಕಂಡು ಬರ್ತಾಳೂ ರಸ್ತೆ ದಾಟಿ ಬಂದಳು. ನೋಡಿದವಳೇ ಬಾಯಿಗೆ ಕೈ ಇಟ್ಟಳು.

"ಎಂತ ಆಯ್ತು ಇದು? ಅರ್ಧ ಮಣ್ಣು ಅಂತ ನಾನು ಹೇಳಿದ್ದೆ ಅಲ್ವಾ, ಸರಸಕ್ಕ?"

ಉಜ್ವಲ್ ಸರಸಳ ಮುಖ ನೋಡಿದ.

"ಇಲ್ಲ ಬರ್ತಾಬಾಯಿ, ನೀವು ಹೇಳ್ಲಿಲ್ಲ," ಎಂದಳು ಸರಸ.

ಬರ್ತಾ ಉಜ್ವಲನ ಕಡೆ ತಿರುಗಿದಳು. "ಹಾಗಾದ್ರೆ ತಪ್ಪು ನಂದೇ ಸರ್. ನನ್ನ ಮುನ್ನೂರು ಚಟ್ಟಿಗಳಲ್ಲಿ ಅರ್ಧ ಇಲ್ಲಿಗೆ ತಂದಿಡ್ತೇನೆ. ಅಷ್ಟನ್ನು ಸರಸಕ್ಕನ ಹತ್ರವೇ ತಗೊಳ್ಳಿ."

ಸಂಜೆಯೊಳಗೆ ನೂರೈವತ್ತು ಚಟ್ಟಿಗಳು ರಸ್ತೆ ದಾಟಿ ಬಂದವು. ಹೋಟೆಲಿನ ಆರ್ಡರ್ ಅರ್ಧವಾದರೂ ಉಳಿಯಿತು, ಹೊಟ್ಟೆಯ ಉರಿ ಮಾತ್ರ ಇಮ್ಮಡಿಯಾಯಿತು. ಸರಸ ನೀರಿನ ಪೈಪು ಹಿಡಿದು ಚಟ್ಟಿಯಿಂದ ಚಟ್ಟಿಗೆ ಬಗ್ಗುತ್ತ, ಎಲೆಗಳನ್ನು ಮಗುಚಿ ಮಗುಚಿ, ಒಂದಾದರೂ ಹಳದಿ ಎಲೆ ಸಿಕ್ಕೀತೇ ಎಂದು ಹುಡುಕಿದಳು. ಚಟ್ಟಿ ತುಂಬಿದ ನೀರು ಅಡಿಯಿಂದ ಕಪ್ಪಗೆ ಹರಿದು ಅವಳ ಪಾದ ತೋಯಿಸಿತು.